ಕೈತೋಟದ ಕಳೆಗೆ ಸೊಪ್ಪಿನ ಹೊದಿಕೆ

ಕಲ್ಯಾಣದಂತಹ ಊರಿನಲ್ಲಿ ತರಕಾರಿ ತೋಟದ ಮಾತೆತ್ತಿದರೆ ವಾಚಕರು ನಗಬಹುದು. ಆದರೂ ನಮ್ಮ ಹೌಸಿಂಗ್ ಸೊಸೈಟಿಯ ಹಿಂಬದಿಯ ತುಂಡು ನೆಲವನ್ನು ಐದು ಸಂಸಾರಗಳು ಪಾತಿಗಳಾಗಿ ಹಂಚಿಕೊಂಡು ಬೆಂಡೆ, ಬದನೆ, ಹರಿವೆ ಬೆಳೆಯುತ್ತಿದ್ದೇವೆ. ಚರಂಡಿಯ ನೀರಿನಲ್ಲಿ ಬೆಳೆದ ಸೊಪ್ಪನ್ನು ಕೊಳ್ಳುವ ಭಯ ಅಷ್ಟರಮಟ್ಟಿಗೆ ತಪ್ಪಿದೆ.

ತಪ್ಪದೆ ಉಳಿದದ್ದು ಕಳೆ. ಅದರಲ್ಲೂ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಅಮೆರಿಕೆಯ ಕಳೆ ಇಂದು ದೇಶವನ್ನೆಲ್ಲ ವ್ಯಾಪಿಸಿದೆ. ಇದರಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಕೆಲವರ ಚರ್ಮದಲ್ಲಿ ತೀವ್ರವಾದ ತುರಿಕೆ, ಗಂದೆಗಳನ್ನು ಉಂಟುಮಾಡುತ್ತದೆ. ಪರಾಗದಿಂದ ಉಬ್ಬಸ ಕೆರಳುವುದೂ ಉಂಟು. ಎರಡು ಮಳೆಗಾಲ ಬರಿಗೈಯಿಂದ ಕಳೆ ಕಿತ್ತ ನನ್ನ ಪತ್ನಿಯ ಅಂಗೈ, ಮುಂಗೈಗಳು ಬಿರಿದು ನೀರೊಸರತೊಡಗಿದವು. ವೈದ್ಯರು ತೋಟವನ್ನೇ ಬಿಡಿರೆಂದರು. ಆಕೆ ಒಪ್ಪಲಿಲ್ಲ.

ಆಗ ನೆನಪಾದದ್ದು ಶಿರಸಿ ಸೀಮೆಯ ಅಡಿಕೆ ತೋಟ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕುಗಳನ್ನು ಮರದ ಬುಡಕ್ಕೆ ಹೊದಿಸುವುದು ಅಲ್ಲಿನ ತಲೆತಲಾಂತರದ ವಾಡಿಕೆ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತಿತ್ತು. ನಮಗೆ ಬೆಟ್ಟವೆಲ್ಲಿಂದ ಬರಬೇಕು? ರಸ್ತೆಬದಿಯ ಮಳೆಮರದ ತರಗೆಲೆ, ಹಳ್ಳಿಯಿಂದ ಬರುವ ಭತ್ತದ ಹುಲ್ಲು, ಕಬ್ಬಿನಹಾಲಿನ ಅಂಗಡಿಯವನು ಎಸೆಯುವ ಸಿಪ್ಪೆ, ಇವೇ ನಮ್ಮ ಬೆಟ್ಟ.

ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ನೆಲದಲ್ಲಿರುವ ಕಳೆಬೀಜವು ಹಳೆಯ ಠೇವಣಿ. ಬೆಳಕು ಬಿದ್ದೊಡನೆ ಪಾವತಿಗೆ ಬರುತ್ತದೆ. ಹೊದಿಕೆಯು ಆ ಬೆಳಕನ್ನು ತಡೆಯುತ್ತದೆ. ಮೊಳೆತ ಸಣ್ಣ ಸಸಿಯೂ ಮೇಲೇರಲಾರದೆ ಸೊರಗುತ್ತದೆ. ಮಳೆಹನಿಯ ಹೊಡೆತಕ್ಕೆ ಮಣ್ಣು ಸಿಡಿದು ಎಲೆಗಳಿಗೆ ರೋಗ ಹತ್ತುವುದು ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ತೇವ ಉಳಿದು ನೀರಿನ ಖರ್ಚೂ ತಗ್ಗುತ್ತದೆ.

ಹೊದಿಸುವ ಮೊದಲು ಒಮ್ಮೆ ಕಳೆಯನ್ನು ಪೂರ್ತಿಯಾಗಿ ಕೀಳಲೇಬೇಕು. ಕೈಗವಸು ಧರಿಸಿ, ಕಾಂಗ್ರೆಸ್ ಗಿಡ ಹೂಬಿಡುವುದಕ್ಕೆ ಮುಂಚೆ. ತರಕಾರಿ ಸಸಿ ಗೇಣುದ್ದವಾದ ಬಳಿಕ ಎರಡು ಮೂರು ಅಂಗುಲ ದಪ್ಪ ಹರಡಬೇಕು. ಕಾಂಡಕ್ಕೆ ತಾಗಿಸಿದರೆ ಬುಡ ಕೊಳೆಯುತ್ತದೆ. ನಾಲ್ಕು ಬೆರಳು ಬಿಡಿ. ಮೊದಲ ವರ್ಷ ನಾನು ಈ ಮಾತನ್ನು ಕಡೆಗಣಿಸಿ ಆರು ಬದನೆ ಗಿಡಗಳನ್ನು ಕಳೆದುಕೊಂಡೆ. ಕಬ್ಬಿನ ಸಿಪ್ಪೆಯನ್ನು ಕೆಲವು ದಿನ ಒಣಗಿಸದಿದ್ದರೆ ಇರುವೆ ಮುತ್ತುತ್ತದೆ. ಅದನ್ನು ಮಣ್ಣಿನೊಳಗೆ ಬೆರೆಸಲೂ ಬಾರದು; ಕೊಳೆಯುವಾಗ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ಅದೇ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೊದಿಕೆಯಡಿ ಬಸವನಹುಳುಗಳು ಸೇರುವುದರಿಂದ ಸಂಜೆ ಎತ್ತಿ ನೋಡುತ್ತಿರಬೇಕು.

ಕಳೆದ ಮಳೆಗಾಲದಲ್ಲಿ ಕಳೆ ಕೀಳುವ ಕೆಲಸ ವಾರಕ್ಕೆ ಅರ್ಧ ಗಂಟೆಗೆ ಇಳಿಯಿತು. ಪತ್ನಿಯ ಕೈಗಳೂ ಮಾಗಿದವು. ಕೊನ್ನಾರಿಯೊಂದು ಮಾತ್ರ ಎಂತಹ ಹೊದಿಕೆಯನ್ನೂ ಚುಚ್ಚಿಕೊಂಡು ಏಳುತ್ತದೆ. ಅದನ್ನು ಗಡ್ಡೆಸಹಿತ ಅಗೆದೇ ತೆಗೆಯಬೇಕು. ಭಾನುವಾರದ ಆ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.