ಕೃಷಿ ಉಪಕರಣಗಳ ಬೆಸುಗೆ: ಆರಂಭದ ತಿಳುವಳಿಕೆ

ಬಿತ್ತನೆಯ ಹದ ಬಂದಾಗಲೇ ಕಲ್ಟಿವೇಟರಿನ ಕಾಲು ಮುರಿದರೆ ರಿಪೇರಿಗೆ ದಿನ ಕಳೆಯುತ್ತದೆ, ಅಷ್ಟರಲ್ಲಿ ಭೂಮಿಯ ಹದವೂ ಆರುತ್ತದೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ, ಚಾಮರಾಜಪೇಟೆಯ ಪಕ್ಕದ ಕಲಾಸಿಪಾಳ್ಯಕ್ಕೆ ತರಕಾರಿ ತರುವ ರೈತರು ಮರಳುವಾಗ ಅಲ್ಲೇ ಸಮೀಪದ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವುದುಂಟು. ಹಗುರವಾದ ಇನ್ವರ್ಟರ್ ಯಂತ್ರಗಳು ಬಂದ ಮೇಲೆ ಬೆಸುಗೆ ಯಂತ್ರವನ್ನೇ ಕೊಳ್ಳುವವರೂ ಇದ್ದಾರೆ. ಆದರೆ ಲೋಹವನ್ನು ಗುರುತಿಸದೆ ಹಾಕಿದ ಬೆಸುಗೆ ಬಹುಕಾಲ ನಿಲ್ಲದು.

ಲೋಹದ ಪರೀಕ್ಷೆ

ತಿರುಗುವ ಸಾಣೆಗೆ ಹಿಡಿದಾಗ ಮೆದು ಉಕ್ಕು ಉದ್ದನೆಯ ತಿಳಿ ಕಿಡಿ ಬಿಡುತ್ತದೆ. ಹೆಚ್ಚು ಇಂಗಾಲವಿರುವ ಉಕ್ಕಿನ ಕಿಡಿ ಸುರುಸುರುಬತ್ತಿಯಂತೆ ಕವಲೊಡೆಯುತ್ತದೆ. ಎರಕದ ಕಬ್ಬಿಣದ ಕಿಡಿ ಗಿಡ್ಡವಾಗಿ ಕೆಂಪಗಿರುತ್ತದೆ.

ಬೆಸುಗೆಯ ವಿಧಾನಗಳು

1. ಕುಲುಮೆ ಬೆಸುಗೆ: ಕಮ್ಮಾರರು ಕಬ್ಬಿಣವನ್ನು ಬೆಳ್ಳಗೆ ಕಾಯಿಸಿ, ಬಡಿದು ಕೂಡಿಸುವ ಹಳೆಯ ಕ್ರಮ.

2. ಅನಿಲ ಬೆಸುಗೆ: ಆಮ್ಲಜನಕ ಮತ್ತು ಅಸಿಟಿಲೀನ್ ಉರಿದು ಸುಮಾರು 3,100 ಡಿಗ್ರಿ ಸೆಂ. ಉಷ್ಣತೆಯ ಜ್ವಾಲೆ ಕೊಡುತ್ತವೆ. ತೆಳು ತಗಡಿಗೆ, ಹಿತ್ತಾಳೆ ಕಡ್ಡಿಯ ಬೆಸುಗೆಗೆ ಇದು ಉತ್ತಮ. ಆಮ್ಲಜನಕದ ಸಿಲಿಂಡರ್ ಕಪ್ಪು, ಅಸಿಟಿಲೀನಿನದು ಮರೂನ್ ಬಣ್ಣ. ಆಮ್ಲಜನಕದ ಕವಾಟಕ್ಕೆ ಎಣ್ಣೆ, ಗ್ರೀಸ್ ತಾಗಕೂಡದು.

3. ವಿದ್ಯುತ್ ಚಾಪ ಬೆಸುಗೆ: ರೈತರಿಗೆ ಹೆಚ್ಚು ಉಪಯುಕ್ತ. ಯಂತ್ರ, ಕಡ್ಡಿ ಹಿಡಿಯುವ ಹೋಲ್ಡರ್, ಅರ್ಥ್ ಕ್ಲಾಂಪ್, ಮುಖಕವಚ, ಚರ್ಮದ ಕೈಗವಸು, ತಂತಿ ಬ್ರಷ್ ಮತ್ತು ಕಿಟ್ಟ ಒಡೆಯುವ ಸುತ್ತಿಗೆ ಬೇಕು.

ಅಭ್ಯಾಸದ ಕ್ರಮ

ಮೊದಲು 5 ಮಿ.ಮೀ. ದಪ್ಪದ ಮೆದು ಉಕ್ಕಿನ ತುಂಡುಗಳ ಮೇಲೆ ಅಭ್ಯಾಸ ಮಾಡಬೇಕು. ತುಕ್ಕು, ಬಣ್ಣ, ಎಣ್ಣೆ ತೆಗೆದು 3.15 ಮಿ.ಮೀ. ಕಡ್ಡಿಗೆ 100 ರಿಂದ 120 ಆಂಪಿಯರ್ ವಿದ್ಯುತ್ ಇಡಬಹುದು. ಕಡ್ಡಿಯ ತುದಿಗೂ ಲೋಹಕ್ಕೂ ನಡುವೆ ಕಡ್ಡಿಯ ದಪ್ಪದಷ್ಟೇ ಅಂತರವಿರಲಿ. ಕಡ್ಡಿ ಪದೇ ಪದೇ ಅಂಟಿದರೆ ವಿದ್ಯುತ್ ಕಡಿಮೆಯಾಗಿದೆ. ತೂತು ಬಿದ್ದರೆ ಹೆಚ್ಚಾಗಿದೆ, ಇಲ್ಲವೇ ಕೈ ನಿಧಾನವಾಗಿದೆ. ಪ್ರತಿ ಪದರದ ಕಿಟ್ಟ ತೆಗೆದೇ ಮುಂದಿನ ಪದರ ಹಾಕಬೇಕು.

ನೇಗಿಲ ಕುಳಕ್ಕೆ ವಿಶೇಷ ಕ್ರಮ

ಟ್ರಾಕ್ಟರ್ ನೇಗಿಲಿನ ಕುಳದಲ್ಲಿ ಇಂಗಾಲ ಹೆಚ್ಚು. ಬೆಸುಗೆಯ ಶಾಖ ಬೇಗ ಆರಿದರೆ ಪಕ್ಕದ ಲೋಹ ಗಡುಸಾಗಿ ಬಿರುಕು ಬಿಡುತ್ತದೆ. ಬೆಸುಗೆ ಗಟ್ಟಿಯಿದ್ದರೂ ಕುಳ ಅದರ ಬದಿಯಲ್ಲೇ ಮುರಿಯುತ್ತದೆ. ಆದುದರಿಂದ ಕುಳವನ್ನು ಮೊದಲೇ ಕಾಯಿಸಿ, ಚೆನ್ನಾಗಿ ಒಣಗಿಸಿದ ಲೋ-ಹೈಡ್ರೋಜನ್ ಕಡ್ಡಿ ಬಳಸಿ, ನಂತರ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ನೀರು ಹಾಕಕೂಡದು. ಎರಕದ ಕಬ್ಬಿಣವನ್ನು ಅನುಭವಿಗಳಿಗೆ ಬಿಡುವುದು ಲೇಸು.

ಎಚ್ಚರಿಕೆಗಳು

• ಚಾಪವನ್ನು ಬರಿಗಣ್ಣಿನಿಂದ ನೋಡಬಾರದು, ಮಕ್ಕಳನ್ನು ದೂರವಿಡಬೇಕು.

• ಒದ್ದೆ ನೆಲದಲ್ಲಿ ನಿಂತು ಕೆಲಸ ಮಾಡಬಾರದು.

• ಜಿ.ಐ. ಪೈಪಿನ ಸತುವಿನ ಹೊಗೆಯಿಂದ ಚಳಿಜ್ವರ ಬರುತ್ತದೆ; ಲೇಪನ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಬೆಸೆಯಬೇಕು.

• ಡೀಸೆಲ್ ಪೀಪಾಯಿ ಖಾಲಿಯಿದ್ದರೂ ಸಿಡಿಯಬಹುದು. ಅದನ್ನು ಬೆಸೆಯಲು ಹೋಗಬಾರದು.

• ಟ್ರಾಕ್ಟರಿನ ಮೇಲೆಯೇ ಬೆಸೆಯುವಾಗ ಬ್ಯಾಟರಿಯ ತಂತಿ ಬಿಚ್ಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಹತ್ತಿರವೇ ಹಾಕಬೇಕು.

ಬೇಸಿಗೆಯ ಬಿಡುವಿನಲ್ಲಿ ಉಪಕರಣಗಳನ್ನು ಪರೀಕ್ಷಿಸಿ, ಬಿರುಕು ಕಂಡಲ್ಲಿ ಆಗಲೇ ಬೆಸೆದಿಟ್ಟುಕೊಂಡರೆ ಮುಂಗಾರಿನ ಕೆಲಸ ನಿಲ್ಲುವುದಿಲ್ಲ.