ಹೆಸರಿಲ್ಲದ ಕಾಗದ ಬಂದರೆ ಎಸೆಯಬೇಡಿ

ಹೋದ ತಿಂಗಳು ಒಂದು ಭಾನುವಾರ, ನಮ್ಮ ಕೂಟಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಫೋನು. ತುರುವೇಕೆರೆ ಕಡೆಯವಳು, ಬೇ ಏರಿಯಾಗೆ ಬಂದು ಎಂಟು ತಿಂಗಳಾಗಿದೆ. "ಆಂಟಿ, ಸಿಟಿಯವರು ನೂರು ಡಾಲರ್ ದಂಡ ಹಾಕಿದಾರೆ. ನಾವು ಏನೂ ಮಾಡಿಲ್ಲ ಆಂಟಿ" ಅಂತ ಅಳುದನಿ. ಹತ್ತು ನಿಮಿಷದ ದಾರಿ, ಕುಕ್ಕರ್ ಆರಿಸಿ ಹೊರಟೆ.

ಅವರ ಗ್ಯಾರೇಜಿನ ಪಕ್ಕ, ರಸ್ತೆಗೆ ಕಾಣುವಂತೆ ತೆಂಗಿನ ಚಿಪ್ಪಿನ ಗುಡ್ಡೆ. ಸುರಿದ ಕಸ ಅಂದುಕೊಳ್ಳಬೇಡಿ. ಒಂದರೊಳಗೆ ಒಂದು ಕೂರಿಸಿ, ಸಾಲಾಗಿ ಜೋಡಿಸಿ, ಮೇಲೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಹೊದಿಸಿ, ಹಾರದಂತೆ ಕಲ್ಲು ಹೇರಿದ್ದರು. ಪಕ್ಕದಲ್ಲಿ ಎಳನೀರಿನ ಬುರುಡೆಗಳು ಬಿಸಿಲಿಗೆ ಬೋರಲಾಗಿ ಕೂತಿದ್ದವು. ತಿಪಟೂರಿನ ನಮ್ಮ ಹಿತ್ತಿಲೇ ಎದ್ದು ಬಂದ ಹಾಗಿತ್ತು.

ಅದು ಅವಳ ಮಾವನವರ ಕೈಕೆಲಸ. ಮಗನ ಸಂಸಾರ ನೋಡಲು ಬಂದವರು ಕಾಯಿ ಒಡೆದಾಗಲೆಲ್ಲ ಚಿಪ್ಪು ಎತ್ತಿಟ್ಟಿದ್ದರು. "ಬಿಸಾಕಕ್ಕೆ ಮನಸ್ಸು ಬರಲಿಲ್ಲ ಕಣವ್ವ. ಊರಲ್ಲಿ ಈಗ ಚಿಪ್ಪಿಗೂ ರೇಟು ಬಂದದೆ" ಅಂದರು. ಸುಳ್ಳಲ್ಲ. ನಮ್ಮ ಕಡೆ ತೆಂಗಿನಲ್ಲಿ ಬಿಸಾಡುವುದು ಏನಿದೆ? ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಎಪಿಎಂಸಿಗೆ ಹೋಗುತ್ತದೆ. ಮಟ್ಟೆ ನಾರಿಗೆ, ಇಲ್ಲವಾದರೆ ಹಂಡೆ ಒಲೆಗೆ. ಚಿಪ್ಪು ಇದ್ದಿಲಿಗೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಪಾಪ, ಸ್ವಂತ ಅಟ್ಟದ ಕೊಬ್ಬರಿಯನ್ನೂ ಕಟ್ಟಿಕೊಂಡು ಹೊರಟಿದ್ದರಂತೆ, ವಿಮಾನ ನಿಲ್ದಾಣದಲ್ಲಿ ತೆಗೆಸಿದರು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ 2022ರಲ್ಲಿ ಭಾರತದಲ್ಲಿ ಅದನ್ನು ಚೆಕ್-ಇನ್ ಸಾಮಾನಿನ ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಮೊದಲೇ ಹೇಳಿಬಿಡಿ. ತಿಪಟೂರಿನವರಿಗೆ ಇದು ಸಿಡಿಗುಂಡು ಹಿಡಿದು ಸಿಕ್ಕಿಬಿದ್ದಷ್ಟೇ ಅವಮಾನ.

ದಂಡದ ವಿಷಯಕ್ಕೆ ಬರುತ್ತೇನೆ. ಆ ನೂರು ಡಾಲರಿನದು ಎರಡನೇ ಕಾಗದ. "ಮೊದಲನೆಯದು ಎಲ್ಲಿ?" ಅಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಡುಗೆಮನೆ ಕಟ್ಟೆಯ ಮೇಲೆ ಪಿಜ್ಜಾ ಕೂಪನ್ನು, ಸೋಲಾರ್ ಜಾಹೀರಾತು, ಹಲ್ಲಿನ ಡಾಕ್ಟರ ನಗುಮುಖ, ಎಲ್ಲ ಸೇರಿ ಗೇಣುದ್ದದ ರಾಶಿ. ಬುಡದಲ್ಲಿ ಸಿಕ್ಕಿತು. ಲಕೋಟೆ ಒಡೆದೇ ಇರಲಿಲ್ಲ. ಮೂಲೆಯಲ್ಲಿ ಸಿಟಿಯ ಮುದ್ರೆ, ವಿಳಾಸದ ಜಾಗದಲ್ಲಿ ಹೆಸರಿಲ್ಲದೆ ಬರೀ 'ಆಕ್ಯುಪೆಂಟ್'. ಒಳಗಿದ್ದದ್ದು 'ಕರ್ಟಸಿ ನೋಟಿಸ್'. ಹೆಸರಿಗೆ ತಕ್ಕಂತೆ ಮರ್ಯಾದೆಯ ಕಾಗದವೇ. ದಂಡದ ಸೊಲ್ಲಿಲ್ಲ. ರಸ್ತೆಗೆ ಕಾಣುವ ಹಾಗೆ ತ್ಯಾಜ್ಯ ಶೇಖರಿಸಿದ್ದೀರಿ, ಇಂಥ ತಾರೀಖಿನೊಳಗೆ ತೆಗೆಯಿರಿ, ಅನುಮಾನವಿದ್ದರೆ ಈ ನಂಬರಿಗೆ ಫೋನ್ ಮಾಡಿ ಅಂತ ಇನ್‌ಸ್ಪೆಕ್ಟರರ ಹೆಸರು, ನಂಬರು. ಒಂದು ಫೋನಿನಲ್ಲಿ ಮುಗಿಯುವ ಮಾತು ರಾಶಿಯ ಅಡಿಯಲ್ಲಿ ಮೂರು ವಾರ ಮಲಗಿತ್ತು.

ನನಗೆ ಸಿಟ್ಟು ಬಂತು. ಬಂದಷ್ಟೇ ಬೇಗ ಇಳಿಯಿತು ಕೂಡ, ಯಾಕೆಂದರೆ ಬಂದ ಹೊಸತರಲ್ಲಿ ನಾನೂ ಇದೇ ಹಳ್ಳಕ್ಕೆ ಬಿದ್ದವಳು. ಒಂದು ಸಂಜೆ ಬಾಗಿಲ ಹಿಡಿಗೆ ಯಾರೋ ಉದ್ದನೆಯ ಕಾಗದ ನೇತುಹಾಕಿ ಹೋಗಿದ್ದರು. ಇದೂ ಪಿಜ್ಜಾದವರದೇ ಅಂತ ಓದದೆ ಎಸೆದೆ. ಮೂರನೇ ದಿನ ಬೆಳಗ್ಗೆ ಎದ್ದು ನೋಡಿದರೆ ರಸ್ತೆ ತುಂಬ ಕಪ್ಪು ರಾಡಿ, ಕಾರಿಲ್ಲ. ಕಳುವಾಯಿತು ಅಂತ ಪೊಲೀಸರಿಗೆ ಫೋನ್ ಮಾಡಿದೆ. ಫೋನೆತ್ತಿದಾಕೆ ತಾಳ್ಮೆಯಿಂದ ಕೇಳಿ, "ಬಾಗಿಲಿಗೆ ಕಾಗದ ಹಾಕಿದ್ದರಲ್ಲ, ನೋಡಲಿಲ್ಲವೇ?" ಅಂದಳು. ರಸ್ತೆಗೆ ಡಾಂಬರಿನ ತೆಳು ಲೇಪ ಕೊಡಲು, ಅಡ್ಡ ನಿಂತ ಕಾರುಗಳನ್ನು ಎಳೆದೊಯ್ದಿದ್ದರು. ಕಾರು ಬಿಡಿಸಿಕೊಳ್ಳಲು ಕೊಟ್ಟ ದುಡ್ಡು ಇವತ್ತಿಗೂ ಗಂಡನಿಗೆ ಸರಿಯಾದ ಲೆಕ್ಕದಲ್ಲಿ ಹೇಳಿಲ್ಲ.

ನಮ್ಮೂರಲ್ಲಿ ಸರ್ಕಾರಕ್ಕೆ ಗಂಟಲಿತ್ತು. ಹಿಂದೆ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದರು. ಆಮೇಲೆ ಆಟೋಗೆ ಮೈಕು ಕಟ್ಟಿಕೊಂಡು ಬಂದರು. ನಾಳೆ ಕರೆಂಟಿಲ್ಲ, ನಾಡಿದ್ದು ನೀರಿಲ್ಲ, ಕೊಬ್ಬರಿಗೆ ಬೆಂಬಲ ಬೆಲೆ, ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಕಂದಾಯ ಬಾಕಿ ಇದ್ದರೆ ಬಿಲ್ ಕಲೆಕ್ಟರ್ ಬಾಗಿಲಿಗೇ ಬಂದು, ಕಾಫಿ ಕುಡಿದು, ನಾಲ್ಕು ಜನ ಕೇಳುವ ಹಾಗೆ ಹೇಳಿ ಹೋಗುತ್ತಿದ್ದ. ತಿಪಟೂರಿನ ನಗರಸಭೆಯಾಗಲಿ ಚಿಕ್ಕನಾಯಕನಹಳ್ಳಿಯ ಪುರಸಭೆಯಾಗಲಿ, ವಿಷಯ ಕಿವಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಇಲ್ಲಿನ ಸಿಟಿಗೆ ಗಂಟಲಿಲ್ಲ. ಕಾಗದ ಮಾತ್ರ. ಒಂದು ಸಲ ಕಳಿಸುತ್ತಾರೆ, ಕಳಿಸಿದ ಮೇಲೆ ನಿಮಗೆ ಗೊತ್ತು ಅಂತಲೇ ಲೆಕ್ಕ. ಅದರಲ್ಲೂ ಹೆಸರು ಹಾಕುವುದಿಲ್ಲ, ಬಾಡಿಗೆ ಮನೆಯಲ್ಲಿ ಯಾರಿದ್ದಾರೆಂದು ಅವರಿಗೇನು ಗೊತ್ತು? 'ರೆಸಿಡೆಂಟ್', 'ಆಕ್ಯುಪೆಂಟ್' ಅಂತ ಬರೆದಿರುತ್ತಾರೆ. ಜಾಹೀರಾತಿನವರೂ ಹಾಗೇ ಬರೆಯುತ್ತಾರೆ. ತಾಪತ್ರಯ ಇರುವುದು ಇಲ್ಲೇ. ಹೆಸರಿಲ್ಲದ ಕಾಗದ ನಮ್ಮದಲ್ಲ ಅನ್ನುವುದು ಊರಿನ ಬುದ್ಧಿ. ಇಲ್ಲಿ ಲಕೋಟೆಯ ಎಡಮೂಲೆ ನೋಡಬೇಕು. ಸಿಟಿ, ಕೌಂಟಿ, ನೀರಿನ ಮಂಡಳಿ, ಈ ಮೂರರಲ್ಲಿ ಒಂದು ಮುದ್ರೆ ಇದ್ದರೆ ಅಲ್ಲೇ ನಿಂತು ಒಡೆಯಿರಿ. ಒಳಗೆ ತಾರೀಖಿದ್ದರೆ ಫ್ರಿಜ್ಜಿಗೆ ಅಂಟಿಸಿ.

ಕ್ಯಾಲಿಫೋರ್ನಿಯಾದಲ್ಲಿ ಸಿಟಿಯ ಸಣ್ಣಪುಟ್ಟ ನಿಯಮ ಮುರಿದರೆ ಮೊದಲ ಸಲ 100 ಡಾಲರ್‌ವರೆಗೆ ದಂಡ. ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ 200, ಆಮೇಲೆ 500. ಚಿಪ್ಪಿನ ಗುಡ್ಡೆಗೆ ಅಷ್ಟು ತೆರಬೇಕೆ?

ಅಂದಹಾಗೆ ಚಿಪ್ಪು ಯಾವ ಬುಟ್ಟಿಗೆ? 2022ರ ಜನವರಿಯಿಂದ ಈ ರಾಜ್ಯದಲ್ಲಿ ಅಡುಗೆಮನೆಯ ಹಸಿ ಕಸ ಬೇರೆ ಮಾಡಲೇಬೇಕು. ಆದರೆ ಚಿಪ್ಪು ಗಟ್ಟಿ, ಬೇಗ ಕೊಳೆಯುವುದಿಲ್ಲ. ಕೆಲವು ಊರಿನವರು ಹಸಿ ಕಸಕ್ಕೆ ತೆಗೆದುಕೊಳ್ಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಪಕ್ಕದ ಊರಿನ ಸ್ನೇಹಿತೆಯನ್ನು ಕೇಳಬೇಡಿ, ನಿಮ್ಮ ಕಸದ ಬಿಲ್ಲಿನ ಜೊತೆ ಬಂದ ಪಟ್ಟಿ ನೋಡಿ. ಹಳೇ ಸೋಫಾ, ಹಾಸಿಗೆ ಇದ್ದರೆ ರಸ್ತೆ ಬದಿಗೆ ಎಳೆದು ಹಾಕುವ ಮುಂಚೆ ಕಸದವರಿಗೆ ಫೋನ್ ಮಾಡಿ. ಬಹಳ ಊರುಗಳಲ್ಲಿ ವರ್ಷಕ್ಕೆ ಇಷ್ಟು ಸಲ ಅಂತ ಪುಕ್ಕಟೆ ಒಯ್ಯುತ್ತಾರೆ.

ಎಸೆದ ಕಾಗದದಲ್ಲಿ ದಂಡವೊಂದೇ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸಿಟಿಯ ಪಾರ್ಕು ವಿಭಾಗದ ತರಗತಿಗಳ ಪುಸ್ತಕ ಬರುತ್ತದೆ. ಮಕ್ಕಳ ಈಜು ಕ್ಲಾಸಿಗೆ ಊರಿನವರಿಗೆ ಮೊದಲು, ಹೊರಗಿನವರಿಗೆ ಆಮೇಲೆ. ಆ ತಾರೀಖು ತಪ್ಪಿದರೆ ಬೇಸಿಗೆ ಹೋಯಿತು. ಯುಗಾದಿ ಪಿಕ್ನಿಕ್ಕಿಗೆ ಪಾರ್ಕಿನ ಚಪ್ಪರ ಕಾದಿರಿಸುವುದೂ ಅಲ್ಲಿಂದಲೇ. ಮೈಕು ಹಾಕುವುದಾದರೆ ಬೇರೆ ಅನುಮತಿ ಬೇಕು, ತಿಪಟೂರಿನ ಕೆಂಪಮ್ಮನ ಜಾತ್ರೆ ಅಂದುಕೊಂಡು ಸ್ಪೀಕರ್ ಇಳಿಸಬೇಡಿ. ಆಗಸ್ಟ್ ಮೊದಲ ಮಂಗಳವಾರ 'ನ್ಯಾಷನಲ್ ನೈಟ್ ಔಟ್' ಇರುತ್ತದೆ, 1984ರಿಂದ ನಡೆದುಬಂದದ್ದು. ಬೀದಿಯವರೆಲ್ಲ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಪೊಲೀಸರು, ಅಗ್ನಿಶಾಮಕದವರು ಬಂದು ಮಾತಾಡಿಸುತ್ತಾರೆ. ಹೋಗಿ. ಒಂದು ಡಬ್ಬಿ ಕೋಡುಬಳೆ ಹಿಡಿದು ಹೋಗಿ. ಪಕ್ಕದ ಮನೆಯವರ ಹೆಸರು ಗೊತ್ತಾಗಲು ನನಗೆ ಐದು ವರ್ಷ ಬೇಕಾಯಿತು, ಆ ಒಂದು ಸಂಜೆ ಸಾಕಿತ್ತು. ಗೊತ್ತಿದ್ದವರು ಚಿಪ್ಪು ಕಂಡರೆ ಸಿಟಿಗೆ ದೂರು ಕೊಡುವ ಮುಂಚೆ ಬಾಗಿಲು ತಟ್ಟುತ್ತಾರೆ.

ಲೈಬ್ರರಿ ಕಾರ್ಡು ಮಾಡಿಸಿ ಅಂತ ಎಲ್ಲರೂ ಹೇಳಿರುತ್ತಾರೆ. ಆ ಕಾರ್ಡಿನಲ್ಲಿ ಪುಸ್ತಕದ ಹಾಗೇ ಸ್ಟೇಟ್ ಪಾರ್ಕಿನ ಪಾಸನ್ನೂ ಎರವಲು ತರಬಹುದು ಅನ್ನುವುದು ಯಾರೂ ಹೇಳುವುದಿಲ್ಲ. ಕಾರಿಗೆ ನೇತುಹಾಕಿದರೆ 200ಕ್ಕೂ ಹೆಚ್ಚು ಪಾರ್ಕುಗಳಲ್ಲಿ ಹಗಲು ಪಾರ್ಕಿಂಗ್ ಶುಲ್ಕವಿಲ್ಲ. ಅಪ್ಪ ಅಮ್ಮ ಬಂದಾಗ ಎಲ್ಲಿ ಕರೆದುಕೊಂಡು ಹೋಗುವುದು ಅಂತ ಕೈ ಹಿಸುಕಿಕೊಳ್ಳುವವರಿಗೆ ಇದು.

ಇನ್ನೊಂದು, ಇದು ವೀಸಾದಲ್ಲಿರುವವರಿಗೆ. ನಮಗೆ ಓಟಿಲ್ಲ, ಆದ್ದರಿಂದ ಬಾಯಿಯೂ ಇಲ್ಲ ಅಂತ ಕೂರಬೇಡಿ. ಈ ರಾಜ್ಯದಲ್ಲಿ 1953ರ ಬ್ರೌನ್ ಕಾಯ್ದೆ ಪ್ರಕಾರ ಸಿಟಿ ಕೌನ್ಸಿಲಿನ ಮಾಮೂಲಿ ಸಭೆಯ ವಿಷಯಪಟ್ಟಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶವಿರಬೇಕು. ಪೌರತ್ವ ಕೇಳುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ನಮ್ಮ ತಂದೆ ಗ್ರಾಮಸಭೆಯಲ್ಲಿ ಚರಂಡಿ ವಿಷಯಕ್ಕೆ ಎದ್ದು ನಿಂತರೆ ಊಟದ ಹೊತ್ತು ಮೀರುತ್ತಿತ್ತು. ಇಲ್ಲಿ ಕೆಂಪು ದೀಪ ಹತ್ತಿದರೆ ಕೂರಬೇಕು, ಬರೆದುಕೊಂಡು ಹೋಗಿ. ನೀರಿನ ದರ ಏರಿಸುವಾಗಲೂ ಹೀಗೆ. 1996ರಲ್ಲಿ ಬಂದ 'ಪ್ರಾಪೊಸಿಷನ್ 218' ಪ್ರಕಾರ ವಿಚಾರಣೆಗೆ 45 ದಿನ ಮೊದಲು ಕಾಗದ ಕಳಿಸಬೇಕು, ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಲಿಖಿತ ವಿರೋಧ ಬಂದರೆ ಏರಿಸುವಂತಿಲ್ಲ. ಬರೆಯದವರು ವಿರೋಧಿಸಲಿಲ್ಲ ಅಂತ ಅರ್ಥ. ಪಿಜ್ಜಾ ಕೂಪನ್ನಿನ ಜೊತೆ ಬುಟ್ಟಿಗೆ ಹಾಕಿದವರೂ ಆ ಲೆಕ್ಕಕ್ಕೇ ಸೇರುತ್ತಾರೆ.

ಹುಡುಗಿಯ ಮನೆಯಲ್ಲಿ ಅವತ್ತೇ ಚಿಪ್ಪು ಖಾಲಿ ಮಾಡಿದೆವು. ಸೋಮವಾರ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಫೋಟೊ ಕಳಿಸಿದ್ದಾಯಿತು, ಫೈಲು ಮುಚ್ಚಿದರು. ನೂರು ಡಾಲರ್ ಕಟ್ಟಬೇಕಾಯಿತು. ಮಾವನವರು ಎರಡು ಚಿಪ್ಪು ಮಾತ್ರ ಬಿಡಲೊಪ್ಪಲಿಲ್ಲ. ಒಂದನ್ನು ಉಜ್ಜಿ ನಯ ಮಾಡಿ ಉಪ್ಪಿನ ಬಟ್ಟಲು ಮಾಡಿದ್ದಾರೆ, ಇನ್ನೊಂದು ನನಗೆ ಕೊಟ್ಟರು.

ಕೂಟದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ, ಒಡೆಯಲು ಹೆದರಿಕೆಯಾಗಿ ಇಟ್ಟಿರುವ ಲಕೋಟೆಗಳಿದ್ದರೆ ಹಾಗೇ ತನ್ನಿ. ಕಾಫಿ ಫಿಲ್ಟರಿನ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ, ಕನ್ನಡಕ ತಂದಿರುತ್ತೇನೆ.