ಹಳೇ ಟಾನ್ಸಿಲ್ ಬೇನೆ: ಮಾಡಬೇಕಾದ್ದು, ಮಾಡಬಾರದ್ದು

ಮತ್ತೆ ಮತ್ತೆ ಬಾತು ಇಳಿದ ಟಾನ್ಸಿಲ್ ಮೊದಲಿನಂತೆ ಉಳಿಯುವುದಿಲ್ಲ. ಅದರ ಮೈಯಲ್ಲಿರುವ ಆಳವಾದ ಕುಳಿಗಳ ಬಾಯಿ ಕಲೆಗಟ್ಟಿ ಕಿರಿದಾಗುತ್ತದೆ. ಸತ್ತ ಜೀವಕೋಶ, ಬ್ಯಾಕ್ಟೀರಿಯಾ, ಆಹಾರದ ಚೂರು ಒಳಗೇ ಸಿಕ್ಕಿಬೀಳುತ್ತವೆ. ಮಕ್ಕಳಲ್ಲಿ ಸೋಂಕಿನೊಡನೆ ಹೋರಾಡುವ ಜೀವಕೋಶಗಳು ಹೆಚ್ಚಿ ಟಾನ್ಸಿಲ್ ದಪ್ಪಗಾಗುತ್ತದೆ. ದೊಡ್ಡವರಲ್ಲಿ ನಾರಿನಂಥ ಅಂಗಾಂಶ ತುಂಬಿ ಅದು ಗಟ್ಟಿಯಾಗಿ ಕುಗ್ಗಲೂಬಹುದು.

ಮಾಡಬೇಕಾದ್ದು

1. ಪ್ರತಿ ಸಲದ ತಾರೀಖು, ಜ್ವರ, ಕೀವು, ಕತ್ತಿನ ಗಂಟು ಬರೆದಿಡಿ. ವೈದ್ಯರ ಚೀಟಿ ಜೋಪಾನ ಮಾಡಿ. ಒಂದೇ ವರ್ಷದಲ್ಲಿ 7 ಸಲ, ಸತತ 2 ವರ್ಷ 5 ಸಲದಂತೆ, ಇಲ್ಲವೇ 3 ವರ್ಷ 3 ಸಲದಂತೆ ಬಂದಿದ್ದರೆ ಆಪರೇಷನ್ ಬೇಕೇ ಎಂದು ಇಎನ್‌ಟಿ ತಜ್ಞರನ್ನು ಕೇಳಿ.
2. ಆಂಟಿಬಯೋಟಿಕ್ ಬರೆದುಕೊಟ್ಟರೆ ಹೇಳಿದಷ್ಟು ದಿನವೂ ತೆಗೆದುಕೊಳ್ಳಿ. ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 10 ದಿನ. ಈ ಸೋಂಕು ಪೂರ್ತಿ ವಾಸಿಯಾಗದಿದ್ದರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡಬಹುದು.
3. ಊಟವಾದ ಮೇಲೆ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಿ.
4. ಒಂದೇ ಬದಿ ದೊಡ್ಡದಾಗಿದ್ದರೆ ಅಥವಾ ಹುಣ್ಣು ಆರದಿದ್ದರೆ ಕೂಡಲೇ ತೋರಿಸಿ. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಬಯಾಪ್ಸಿ ಬೇಕಾಗಬಹುದು.
5. ಮಗು ಗೊರಕೆ ಹೊಡೆಯುತ್ತ, ನಿದ್ದೆಯಲ್ಲಿ ಉಸಿರು ತಡೆದು ತಡೆದು ಎಳೆಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಮಾಡಬಾರದ್ದು

1. ಕುಳಿಯಲ್ಲಿ ಕಾಣುವ ನಾರುವ ಬಿಳಿ ಹರಳನ್ನು ಪಿನ್ನು, ಕಡ್ಡಿಯಿಂದ ಕೀಳಬೇಡಿ. ರಕ್ತ ಸುರಿದೀತು, ಗಾಯದಿಂದ ಹೊಸ ಸೋಂಕು ಹತ್ತೀತು.
2. ಬೆರಳಿಟ್ಟು ಟಾನ್ಸಿಲ್ ಒತ್ತಬೇಡಿ, ಒತ್ತಿಸಬೇಡಿ. ಸುಣ್ಣ ಮುಟ್ಟಿಸಬೇಡಿ, ಒಳಗೆ ಸುಡುತ್ತದೆ.
3. ಗಾತ್ರ ನೋಡಿ ತೀರ್ಮಾನಿಸಬೇಡಿ. ದಪ್ಪಗಿದ್ದದ್ದೆಲ್ಲ ರೋಗವಲ್ಲ, ಚಿಕ್ಕದಾದದ್ದೆಲ್ಲ ವಾಸಿಯಾದದ್ದಲ್ಲ.
4. ಕಳೆದ ಸಲ ಉಳಿದ ಮಾತ್ರೆ ನುಂಗಬೇಡಿ, ಇನ್ನೊಬ್ಬರಿಗೂ ಕೊಡಬೇಡಿ.
5. ಜ್ವರವೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ.
6. ಬೀಡಿ, ಸಿಗರೇಟು ಬೇಡ. ಮನೆಯೊಳಗೆ ಬೇರೆಯವರೂ ಸೇದಬಾರದು.
7. ಆಪರೇಷನ್ ಆದ ಜಾಗದ ಬಿಳಿ ಪೊರೆ ಕೀವಲ್ಲ, ಗಾಯ ಮಾಯುವ ಗುರುತು. ಕೆರೆಯಬೇಡಿ.

ತಡಮಾಡದೆ ಆಸ್ಪತ್ರೆಗೆ

ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಮಾತು ತೊದಲಿ ಉಸಿರಾಟಕ್ಕೆ ಕಷ್ಟವಾದರೆ ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿರಬಹುದು. ಆಪರೇಷನ್ ಆದ ಮೇಲೆ, ಅದರಲ್ಲೂ 5ರಿಂದ 10ನೇ ದಿನದೊಳಗೆ, ಬಾಯಿಂದ ರಕ್ತ ಬಂದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.